“ನೀವೇ ಕರ್ಕೊಂಡು ಹೋಗಿ ಚುಚ್ಚಿಸಿದ್ದು”: ಆಶಾ ಕಾರ್ಯಕರ್ತೆಯೊಬ್ಬರ ಆಪ್ತಸಲಹೆ ಪ್ರಕರಣ

ಗುರುತು ಸಿಗಬಾರದೆಂದು ವಯಸ್ಸು, ಊರು, ಸಂಬಂಧಗಳನ್ನು ಬದಲಿಸಲಾಗಿದೆ. ಆಕೆ ಒಪ್ಪಿದ ಮೇಲೆಯೇ ಬರೆದದ್ದು. ಇದೇ ಸಂಕಟದಲ್ಲಿರುವ ಆಶಾ ಕಾರ್ಯಕರ್ತೆಯರಿಗೂ ಅವರ ಮೇಲ್ವಿಚಾರಕರಿಗೂ ನೆರವಾಗಲಿ ಎಂಬುದು ಉದ್ದೇಶ.

ಆಕೆಗೆ 43 ವರ್ಷ. ದಕ್ಷಿಣ ಕೊಡಗಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದ ವ್ಯಾಪ್ತಿಯಲ್ಲಿ ಬಹಳ ವರ್ಷಗಳಿಂದ ಆಶಾ ಕಾರ್ಯಕರ್ತೆ. ಎರಡು ಕಾಫಿ ತೋಟಗಳ ಲೈನ್ ಮನೆಗಳೂ (ಕೆಲಸಗಾರರ ಸಾಲುಮನೆಗಳು) ಒಂದು ಯರವರ ಹಾಡಿಯೂ (ಯರವ ಬುಡಕಟ್ಟಿನವರ ವಸತಿ) ಆಕೆಯ ಪಾಲಿಗಿವೆ. 2021ರ ಜೂನ್ 21ರಿಂದ 18 ವರ್ಷ ಮೇಲ್ಪಟ್ಟವರಿಗೆಲ್ಲ ಕೇಂದ್ರ ಸರ್ಕಾರವೇ ಉಚಿತವಾಗಿ ಕೋವಿಡ್ ಲಸಿಕೆ ಪೂರೈಸತೊಡಗಿದಾಗ ಮಳೆಯಲ್ಲೇ ಮನೆಮನೆ ಸುತ್ತಿ ಜನರನ್ನು ಕರೆತಂದವರು. ಲೈನ್‌ನ ಬಹುತೇಕರಿಗೆ ಜುಲೈನಲ್ಲಿ ಕೋವಿಶೀಲ್ಡ್ ಮೊದಲ ಡೋಸ್, 84 ದಿನ ಕಳೆದ ಮೇಲೆ ನವೆಂಬರ್ ಹೊತ್ತಿಗೆ ಎರಡನೆಯದು.

2025ರ ಜೂನ್‌ನಲ್ಲಿ ಅದೇ ಲೈನ್‌ನ 38 ವರ್ಷದ ಕೆಲಸಗಾರನೊಬ್ಬ ರಾತ್ರಿ ಎದೆನೋವೆಂದು ಕುಸಿದು, ಆಸ್ಪತ್ರೆ ಮುಟ್ಟುವ ಮೊದಲೇ ತೀರಿಕೊಂಡ. ಮರಣೋತ್ತರ ಪರೀಕ್ಷೆ ಆಗಲಿಲ್ಲ. ಸಾವಿನ ಮನೆಗೆ ಹೋದ ಆಕೆಗೆ ಮೃತನ ಭಾಮೈದ ಎಲ್ಲರೆದುರು ಹೇಳಿದ್ದು: “ಅವ ಬೇಡ ಬೇಡ ಅಂದ. ನೀವೇ ಕರ್ಕೊಂಡು ಹೋಗಿ ಚುಚ್ಚಿಸಿದ್ದು, ಅಕ್ಕ.” ಕೆಲವು ದಿನಗಳಲ್ಲೇ ಪಕ್ಕದ ಹಾಸನ ಜಿಲ್ಲೆಯ ಸರಣಿ ಹೃದಯಾಘಾತ ಸಾವುಗಳ ಸುದ್ದಿ ರಾಜ್ಯವನ್ನೆಲ್ಲ ಆವರಿಸಿತು. ಲಸಿಕೆಗೆ ಆತುರದಲ್ಲಿ ಅನುಮತಿ ಕೊಟ್ಟದ್ದೂ ಕಾರಣವಿರಬಹುದೆಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಜುಲೈ 1ರಂದು ಹೇಳಿದರು. ಮರುದಿನ ಕೇಂದ್ರ ಆರೋಗ್ಯ ಸಚಿವಾಲಯ ಅಲ್ಲಗಳೆಯಿತು. ಮೈಸೂರಿನ ಜಯದೇವ ಆಸ್ಪತ್ರೆಯಲ್ಲಿ ತಪಾಸಣೆಗೆ ನೂಕುನುಗ್ಗಲಾಯಿತು. ಈ ಮೂರನ್ನೂ ಆಕೆಯ ಮನಸ್ಸು ಒಂದೇ ಆರೋಪವಾಗಿ ಹೆಣೆದುಕೊಂಡಿತು.

ನಮ್ಮಲ್ಲಿಗೆ ಆಪ್ತಸಲಹೆಗೆ ಬರುವಾಗ ಇದ್ದ ಸ್ಥಿತಿ ಹೀಗೆ. ಬೆಳಗಿನ ಜಾವ ಮೂರಕ್ಕೆ ಎಚ್ಚರ, ಎದೆ ಒತ್ತಿದಂತೆ, ಅಂಗೈ ಬೆವರು. 2021ರ ಹೆಸರುಗಳ ಹಳೆಯ ನೋಟ್‌ಬುಕ್ ತೆಗೆದು ಯಾರು ಇದ್ದಾರೆ, ಯಾರು ಇಲ್ಲ ಎಂದು ರಾತ್ರಿ ಗುರುತು ಹಾಕುವುದು. ಆ ಲೈನ್‌ನ ದಾರಿ ಬಿಟ್ಟು ಸುತ್ತಿ ಓಡಾಡುವುದು. ಗುರುವಾರದ ಲಸಿಕಾ ದಿನಕ್ಕೆ ಅಲ್ಲಿಯ ತಾಯಂದಿರನ್ನು ಕರೆಯುವ ಕೆಲಸವನ್ನು ಅಂಗನವಾಡಿ ಕಾರ್ಯಕರ್ತೆಗೆ ಹೇಳಿ ತಪ್ಪಿಸಿಕೊಳ್ಳುತ್ತಿದ್ದರು. ಎರಡು ಶಿಶುಗಳ ಲಸಿಕೆ ತಪ್ಪಿದ್ದು ಕಂಡು ಆರೋಗ್ಯ ಸಹಾಯಕಿ ವಿಚಾರಿಸಿದಾಗಲೇ ವಿಷಯ ಹೊರಬಂದದ್ದು.

ಮೊದಲು ದೇಹ

ಎದೆ ಒತ್ತುವುದನ್ನು ‘ಬರೀ ಟೆನ್ಷನ್’ ಎಂದು ಆಪ್ತಸಮಾಲೋಚಕರು ತೀರ್ಮಾನಿಸಬಾರದು. ಇಸಿಜಿ, ರಕ್ತದೊತ್ತಡ, ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ ನೋಡಿಸಿದ ಮೇಲೆಯೇ ಮಾತು ಮುಂದುವರಿಯಿತು. ಹಿಮೋಗ್ಲೋಬಿನ್ 10.2 ಇತ್ತು, ಉಳಿದದ್ದು ಸರಿ. ರಕ್ತಹೀನತೆಯೂ ಎದೆಬಡಿತ, ಸುಸ್ತು ತರುತ್ತದೆ. ವೈದ್ಯರು ಕಬ್ಬಿಣಾಂಶದ ಮಾತ್ರೆ ಕೊಟ್ಟರು. ಇಲ್ಲಿ ಒಂದು ಸಣ್ಣ ವಿಷಯಕ್ಕೆ ದೊಡ್ಡ ಪಾಲಿತ್ತು. ಲೈನ್‌ನಲ್ಲಿ ಹೋದ ಮನೆಯಲ್ಲೆಲ್ಲ ಬೆಲ್ಲದ ಕರಿಕಾಪಿ ಕೊಡುತ್ತಾರೆ, ಬೇಡವೆಂದರೆ ಬೇಸರ. ದಿನಕ್ಕೆ ಆರೇಳು ಲೋಟ ಆಗುತ್ತಿತ್ತು. ಅಷ್ಟು ಕಾಪಿ ಎದೆಬಡಿತ ಹೆಚ್ಚಿಸುತ್ತದೆ, ನಿದ್ದೆ ಕೆಡಿಸುತ್ತದೆ, ಮಾತ್ರೆಯ ಜೊತೆಗೆ ಕುಡಿದರೆ ಕಬ್ಬಿಣಾಂಶ ಮೈಗೆ ಹಿಡಿಯದಂತೆಯೂ ಮಾಡುತ್ತದೆ. ದಿನಕ್ಕೆ ಎರಡೇ ಲೋಟ, ಮಧ್ಯಾಹ್ನದ ಊಟದ ನಂತರ ಬೇಡ, ಮಾತ್ರೆಗೂ ಕಾಪಿಗೂ ನಡುವೆ ಎರಡು ಗಂಟೆ ಬಿಡಿ ಎಂದೆವು. “ಡಾಕ್ಟ್ರು ಮಾತ್ರೆ ಕೊಟ್ಟಿದ್ದಾರೆ, ಬಿಸಿನೀರು ಕೊಡಿ ಸಾಕು” ಎಂದರೆ ಯಾರೂ ಬೇಸರಿಸುವುದಿಲ್ಲ.

ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯಲ್ಲಿ 13, ಆತಂಕ ಅಳೆಯುವ ಜಿಎಡಿ-7ರಲ್ಲಿ 14 ಅಂಕ. ಎರಡೂ ಮಧ್ಯಮ ಮಟ್ಟ. ಸಾಯುವ ಯೋಚನೆಯ ಕುರಿತ ಒಂಬತ್ತನೇ ಪ್ರಶ್ನೆಯನ್ನು ನೇರವಾಗಿಯೇ ಕೇಳಿದೆವು, ಇಲ್ಲ ಎಂದರು. ಅಪರಾಧಿ ಭಾವವೇ ಮುಖ್ಯವಾಗಿರುವ ಪ್ರಕರಣದಲ್ಲಿ ಈ ಪ್ರಶ್ನೆಯನ್ನು ಪ್ರತಿ ಭೇಟಿಯಲ್ಲೂ ಕೇಳಬೇಕು.

ಒಂದು ಆರೋಪ, ಎರಡು ಪ್ರಶ್ನೆ

ಆಕೆಯ ನೋವಿನಲ್ಲಿ ಎರಡು ಬೇರೆ ಪ್ರಶ್ನೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಆ ಲಸಿಕೆಯಿಂದ ಆತ ಸತ್ತನೇ ಎಂಬುದು ಒಂದು. ಆತನಿಗೆ ಲಸಿಕೆ ಹಾಕಿಸಿದ ರೀತಿ ಸರಿಯೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ವೈದ್ಯಶಾಸ್ತ್ರದಲ್ಲಿದೆ, ಎರಡನೆಯದಕ್ಕೆ ಆಕೆಯಲ್ಲಿಯೇ ಇದೆ. ಇವನ್ನು ಬಿಡಿಸದೆ “ನಿಮ್ಮದೇನೂ ತಪ್ಪಿಲ್ಲ” ಎಂದು ಸಮಾಧಾನ ಹೇಳಿದವರೆಲ್ಲ ಸೋತಿದ್ದರು, ಏಕೆಂದರೆ ಎರಡನೆಯದರಲ್ಲಿ ತನ್ನದೂ ಪಾಲಿದೆ ಎಂದು ಆಕೆಗೆ ಗೊತ್ತಿತ್ತು.

ಮೊದಲ ಪ್ರಶ್ನೆಗೆ ಕಾಗದದ ಮೇಲೆ ದಿನಾಂಕಗಳ ಗೆರೆ ಎಳೆದೆವು. ಎರಡನೇ ಡೋಸ್ ನವೆಂಬರ್ 2021, ಸಾವು ಜೂನ್ 2025. ಕೋವಿಶೀಲ್ಡ್‌ನಿಂದ ತೀರಾ ಅಪರೂಪಕ್ಕೆ ಬರುವ ದೊಡ್ಡ ತೊಂದರೆಯೊಂದಿದೆ: ಪ್ಲೇಟ್‌ಲೆಟ್ ಕುಸಿದು ರಕ್ತ ಹೆಪ್ಪುಗಟ್ಟುವ ಟಿಟಿಎಸ್. ಅದು ಸಾಮಾನ್ಯವಾಗಿ ಲಸಿಕೆಯಾದ 4ರಿಂದ 42 ದಿನದೊಳಗೆ ಕಾಣಿಸಿಕೊಳ್ಳುತ್ತದೆ. 2021ರ ಮೇ ತಿಂಗಳಲ್ಲಿ, ಲಸಿಕೆಯ ನಂತರದ ತೊಂದರೆಗಳನ್ನು ಪರಿಶೀಲಿಸುವ ರಾಷ್ಟ್ರೀಯ ಎಇಎಫ್‌ಐ ಸಮಿತಿ ರಕ್ತ ಹೆಪ್ಪುಗಟ್ಟಿರಬಹುದಾದ 26 ಪ್ರಕರಣ ಗುರುತಿಸಿ, ಹತ್ತು ಲಕ್ಷ ಡೋಸ್‌ಗೆ 0.61ರಷ್ಟು ಎಂದಿತ್ತು. 2024ರಲ್ಲಿ ಬ್ರಿಟನ್‌ನ ನ್ಯಾಯಾಲಯದಲ್ಲಿ ಕೋವಿಶೀಲ್ಡ್‌ನ ಮೂಲ ಕಂಪನಿ ಆಸ್ಟ್ರಾಜೆನೆಕಾ ಒಪ್ಪಿಕೊಂಡಿತೆಂದು ದೊಡ್ಡ ಸುದ್ದಿಯಾದದ್ದು ಇದೇ ತೊಂದರೆ. ಹೃದಯದ ಸ್ನಾಯುವಿನ ಉರಿಯೂತ ಎಂದು ವಿದೇಶದಿಂದ ಬಂದ ಸುದ್ದಿಗಳು ಹೆಚ್ಚಾಗಿ ಫೈಜರ್, ಮಾಡರ್ನಾದ ಎಂಆರ್‌ಎನ್‌ಎ ಲಸಿಕೆಗಳ ಕುರಿತವು. ಲೈನ್‌ನಲ್ಲಿ ಹಾಕಿದ್ದು ಅದಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 19 ರಾಜ್ಯಗಳ 47 ಆಸ್ಪತ್ರೆಗಳಲ್ಲಿ, ಆರೋಗ್ಯವಾಗಿದ್ದು ಹಠಾತ್ತನೆ ತೀರಿಕೊಂಡ 18ರಿಂದ 45 ವಯಸ್ಸಿನ 729 ಜನರನ್ನು 2,916 ಬದುಕಿರುವವರೊಂದಿಗೆ ಹೋಲಿಸಿ ನೋಡಿತು. ಲಸಿಕೆಯಿಂದ ಅಪಾಯ ಹೆಚ್ಚಿರಲಿಲ್ಲ. ಎರಡು ಡೋಸ್ ಪಡೆದವರಲ್ಲಿ ಕಡಿಮೆಯೇ ಇತ್ತು. ಅಪಾಯ ಹೆಚ್ಚಿಸಿದ್ದು ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದು, ಕುಟುಂಬದಲ್ಲಿ ಹಠಾತ್ ಸಾವು, ಸಾವಿಗೆ ಮುಂಚಿನ 48 ಗಂಟೆಯೊಳಗೆ ಅತಿಯಾದ ಕುಡಿತ ಅಥವಾ ವಿಪರೀತ ದೈಹಿಕ ಶ್ರಮದಂಥವು. ರಾಜ್ಯದಲ್ಲಿ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿಯೂ 2025ರ ಜುಲೈನಲ್ಲಿ ಲಸಿಕೆಗೂ ಹೃದಯಾಘಾತಕ್ಕೂ ನಂಟು ಕಂಡಿಲ್ಲವೆಂದೇ ವರದಿ ಕೊಟ್ಟಿತು.

ಹಾಗೆಂದು ಈ ಒಬ್ಬ ವ್ಯಕ್ತಿ ಏಕೆ ಸತ್ತ ಎಂಬುದನ್ನು ಇಂಥ ಅಧ್ಯಯನ ಹೇಳಲಾರದು. ಮರಣೋತ್ತರ ಪರೀಕ್ಷೆ ಇಲ್ಲದೆ ಅದು ಯಾರಿಗೂ ಖಚಿತವಾಗಿ ತಿಳಿಯುವುದಿಲ್ಲ. “ಮೂರೂವರೆ ವರ್ಷದ ನಂತರ ಲಸಿಕೆಯಿಂದ ಆದದ್ದೆನ್ನಲು ಆಧಾರವಿಲ್ಲ” ಎನ್ನಬಹುದು, “ಇಂಥದ್ದರಿಂದಲೇ ಆಯಿತು” ಎನ್ನಲಾಗದು. ಈ ಅಳತೆಯ ಮಾತನ್ನೇ ರೂಢಿಸಿಕೊಳ್ಳಲು ಹೇಳಿದೆವು.

ಇನ್ನು ಎರಡನೇ ಪ್ರಶ್ನೆ. ಆತ ಲಸಿಕೆಗೆ ಹೆದರಿ ತೋಟದೊಳಗೆ ಅಡಗಿದ್ದ. ಲಸಿಕೆ ಇಲ್ಲದವರು ಸೋಮವಾರದಿಂದ ಕೆಲಸಕ್ಕೆ ಬರಬೇಡಿ ಎಂದು ತೋಟದ ರೈಟರ್ (ಮೇಲ್ವಿಚಾರಕ) ಹೇಳಿಯಾಗಿತ್ತು. ಆಕೆಯೂ “ರೇಷನ್ ನಿಲ್ಲಿಸ್ತಾರಂತೆ” ಎಂದಿದ್ದರು. ಹಾಗೆ ಆದೇಶವಿದೆಯೇ ಎಂದು ಆಕೆ ನೋಡಿರಲಿಲ್ಲ. ಆಗ ರಾಜ್ಯದಲ್ಲಿ ಹರಿದಾಡುತ್ತಿದ್ದ ಮಾತದು, ಮೇಲಿನಿಂದ ಗುರಿ ಮುಟ್ಟುವ ಒತ್ತಡವೂ ಇತ್ತು. ಯಾರನ್ನೂ ಲಸಿಕೆಗೆ ಬಲವಂತಪಡಿಸುವಂತಿಲ್ಲ, ದೇಹದ ಮೇಲಿನ ಹಕ್ಕು ಸಂವಿಧಾನದ 21ನೇ ವಿಧಿಯಡಿ ಬರುತ್ತದೆ ಎಂದು ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದ್ದು 2022ರ ಮೇ 2ರಂದು. ಹೊಟ್ಟೆಪಾಡಿನ ಹೆದರಿಕೆ ತೋರಿಸಿ ಪಡೆದ ಒಪ್ಪಿಗೆ ಒಪ್ಪಿಗೆಯಲ್ಲ. ಲಸಿಕೆ ಒಳ್ಳೆಯದಾಗಿದ್ದರೂ ಆ ರೀತಿ ತಪ್ಪು, ಮತ್ತು ಅದರ ಹೆಚ್ಚಿನ ಹೊಣೆ ಗುರಿ ಕೊಟ್ಟವರದು, ಕೂಲಿ ತಡೆಯುತ್ತೇವೆ ಎಂದವರದು. ಆಕೆಯ ಪಾಲು ಸಣ್ಣದು, ಆದರೆ ಇದೆ. ಹೀಗೆ ಹೇಳಿದಾಗ ಆಕೆ ಅತ್ತರು, ಅಂದಿನ ರಾತ್ರಿ ನಿದ್ದೆಯನ್ನೂ ಮಾಡಿದರು.

ಇದಕ್ಕೆ ಬಳಸಿದ್ದು ಹೊಣೆಯ ವೃತ್ತ. ಕಾಗದದಲ್ಲಿ ವೃತ್ತ ಬರೆದು, ಸಾವಿಗೆ ಕಾರಣವಾಗಿರಬಹುದಾದ ಎಲ್ಲವನ್ನೂ ಮೊದಲು ಪಟ್ಟಿ ಮಾಡಿಸಿ, ಒಂದೊಂದಕ್ಕೂ ಪಾಲು ಕೊಟ್ಟು, ತನ್ನದನ್ನು ಕೊನೆಗೆ ಬರೆಯುವುದು. ತನ್ನದನ್ನೇ ಮೊದಲು ಬರೆದರೆ ವೃತ್ತ ಅಲ್ಲಿಗೇ ತುಂಬಿಹೋಗುತ್ತದೆ. ಆಕೆಯ ಪಟ್ಟಿಯಲ್ಲಿ ಬಂದವು: 50ಕ್ಕೇ ಎದೆನೋವಿನಿಂದ ತೀರಿಕೊಂಡ ಆತನ ಅಪ್ಪ, ಬೀಡಿ, ಎರಡು ದಿನ ಎದೆಯುರಿಯನ್ನು ಗ್ಯಾಸ್ಟ್ರಿಕ್ ಎಂದು ಮಾತ್ರೆ ನುಂಗಿ ಕಳೆದದ್ದು, ಮಳೆಯ ರಾತ್ರಿ ಜೀಪ್ ಸಿಗದ್ದು, ಆಸ್ಪತ್ರೆಯ ದೂರ, ಗೊತ್ತಿಲ್ಲದ ಕಾರಣಗಳು. ಎಚ್ಚರಿಕೆಯ ಮಾತೊಂದಿದೆ. ಈ ಪಟ್ಟಿ ಆಕೆಯ ಮನಸ್ಸಿಗೆ ಮಾತ್ರ. ಅದನ್ನು ಮೃತನ ಹೆಂಡತಿಯೆದುರು ತೆರೆದರೆ ಸತ್ತವನ ಮೇಲೆ ತಪ್ಪು ಹೊರಿಸಿದಂತೆ, ಆ ಮನೆಯ ಬಾಗಿಲು ಮತ್ತೆ ತೆರೆಯುವುದಿಲ್ಲ.

ಮನೆಗೆ ಹೋಗುವುದು

ಒಂದು ತಿಂಗಳು ತಪ್ಪಿಸಿಕೊಂಡ ದಾರಿಗೆ ಹಂತ ಹಂತವಾಗಿ ಮರಳಬೇಕು. ಮೊದಲು ಹಗಲಿನಲ್ಲಿ ಲೈನ್‌ನ ದಾರಿಯಲ್ಲಿ ಸುಮ್ಮನೆ ನಡೆದುಹೋಗುವುದು. ನಂತರ ತನ್ನ ಬಗ್ಗೆ ಸಿಟ್ಟಿಲ್ಲದ ಒಂದು ಮನೆಗೆ. ಆಮೇಲೆ ಮೃತನ ಮನೆಗೆ. ಎದೆಬಡಿತ ಏರಿದರೆ ತಿರುಗಿ ಬರಬಾರದು, ನಿಂತು ನಾಲ್ಕು ಎಣಿಸುವಷ್ಟು ಉಸಿರೆಳೆದು ಆರು ಎಣಿಸುವಷ್ಟು ಬಿಡುತ್ತಾ ಐದು ನಿಮಿಷ ಕಳೆಯಬೇಕು. ಅರ್ಧದಲ್ಲೇ ಓಡಿಬಂದರೆ ಮುಂದಿನ ಸಲ ಹೆದರಿಕೆ ಇನ್ನಷ್ಟು ಗಟ್ಟಿಯಾಗುತ್ತದೆ.

ಆ ಮನೆಗೆ ಇಲಾಖೆಯವರ ಜೊತೆ ಹೋಗಬೇಡಿ ಎಂದೆವು. ಬಿಳಿ ಕೋಟು, ಜೀಪು ಕಂಡರೆ ತನಿಖೆ ಎಂದುಕೊಳ್ಳುತ್ತಾರೆ. ಇಬ್ಬರೂ ನಂಬುವ ಲೈನ್‌ನ ಹಿರಿಯ ಹೆಂಗಸೊಬ್ಬರು ಜೊತೆಗಿದ್ದರೆ ಸಾಕು. ಮೊದಲ ಭೇಟಿಯಲ್ಲಿ ಲಸಿಕೆಯ ಮಾತು ಬೇಡ. ಮಕ್ಕಳು, ಊಟ, ವಿಧವಾ ವೇತನದ ಅರ್ಜಿ, ಮೃತನ ಪಿಎಫ್ ಕಾಗದಪತ್ರ, ಇವಿಷ್ಟೇ. ಅವರಾಗಿ ಕೇಳಿದರೆ ಆಡಬೇಕಾದ ಮಾತನ್ನು ಆಕೆಯ ಬಾಯಲ್ಲೇ ಹೇಳಿಸಿ ಅಭ್ಯಾಸ ಮಾಡಿಸಿದೆವು: “ಅವತ್ತು ರೇಷನ್ ನಿಲ್ತದೆ ಅಂತ ಹೇಳಿ ಹೆದರಿಸಿದ್ದು ನನ್ನ ತಪ್ಪು, ಅದಕ್ಕೆ ಕ್ಷಮೆ ಕೇಳ್ತೇನೆ. ಲಸಿಕೆಯಿಂದಲೇ ಹೀಗಾಯ್ತಾ ಅಂದ್ರೆ, ಇಷ್ಟು ವರ್ಷದ ಮೇಲೆ ಹಾಗಾಗಿದೆ ಅನ್ನಲಿಕ್ಕೆ ಆಧಾರ ಇಲ್ಲ. ನಿಮಗೆ ವಿಚಾರಣೆ ಆಗಬೇಕು ಅನ್ಸಿದ್ರೆ ಅರ್ಜಿ ಬರೀಲಿಕ್ಕೆ ನಾನೇ ಕೂತ್ಕೊಳ್ತೇನೆ.” ಕೊನೆಯ ಮಾತು ಬಾಯುಪಚಾರಕ್ಕಲ್ಲ. ಅನುಮಾನವಿರುವ ಕುಟುಂಬ ವೈದ್ಯಾಧಿಕಾರಿಗೆ ಬರವಣಿಗೆಯಲ್ಲಿ ಕೊಟ್ಟು, ಜಿಲ್ಲಾ ಎಇಎಫ್‌ಐ ಸಮಿತಿಯ ಮುಂದಿಡಲು ಕೇಳಬಹುದು. ಎರಡೂ ಡೋಸ್‌ನ ಪ್ರಮಾಣಪತ್ರ, ಹಳೆಯ ಚಿಕಿತ್ಸಾ ಚೀಟಿಗಳು ಬೇಕಾಗುತ್ತವೆ. ಕೇಳುವವರನ್ನು ತಡೆದರೆ ಮುಚ್ಚಿಡುತ್ತಿದ್ದಾರೆಂಬ ಅನುಮಾನವೇ ಊರೆಲ್ಲ ಹರಡುತ್ತದೆ.

“ಲಸಿಕೆಯಿಂದ ಏನೂ ಆಗಲ್ಲ” ಎಂಬ ಹಳೆಯ ಮಾತನ್ನು ಪೂರ್ತಿ ಬಿಡಬೇಕು. 2021ರಲ್ಲಿ ಅದನ್ನು ಹೇಳಿ ಹೇಳಿ, 2024ರ ಸುದ್ದಿ ಬಂದಾಗ ಹೇಳಿದವರೇ ಸುಳ್ಳುಗಾರರಾದರು. ಜ್ವರ, ಕೈನೋವು ಎರಡು ದಿನ ಬರಬಹುದು, ದೊಡ್ಡ ತೊಂದರೆ ತೀರಾ ಅಪರೂಪ, ಬಂದರೆ ಎಲ್ಲಿಗೆ ಬರಬೇಕು ಎಂದು ಹೇಳುವುದೇ ನಂಬಿಕೆ ಉಳಿಸುತ್ತದೆ. ಕೋವ್ಯಾಕ್ಸಿನ್‌ಗೆ ಮೂರನೇ ಹಂತದ ಫಲಿತಾಂಶ ಬರುವ ಮೊದಲೇ, 2021ರ ಜನವರಿ 3ರಂದು ಅನುಮತಿ ಸಿಕ್ಕಿತ್ತು ಎಂದು ಯಾರಾದರೂ ಹೇಳಿದರೆ, ಅದು ನಿಜವೆಂದೇ ಒಪ್ಪಬೇಕು. ಫಲಿತಾಂಶ ಆಮೇಲೆ ಪ್ರಕಟವಾಯಿತು ಎಂದೂ ಸೇರಿಸಬೇಕು.

ತಪ್ಪಿದ ಎರಡು ಶಿಶುಗಳ ವಿಷಯ ಅದೇ ವಾರ ಇತ್ಯರ್ಥವಾಗಬೇಕಿತ್ತು. ಒಂದಕ್ಕೆ 10 ವಾರದ ಪೆಂಟಾವೇಲೆಂಟ್ (ಐದು ರೋಗ ತಡೆಯುವ ಲಸಿಕೆ), ಇನ್ನೊಂದಕ್ಕೆ ಒಂಬತ್ತು ತಿಂಗಳ ದಡಾರ-ರುಬೆಲ್ಲಾ. ತಡವಾಯಿತೆಂದು ಮೊದಲಿನಿಂದ ಶುರುಮಾಡುವ ಅಗತ್ಯವಿಲ್ಲ, ನಿಂತಲ್ಲಿಂದ ಮುಂದುವರಿಸಿದರಾಯಿತು. ತಾಯಂದಿರ ಹಿಂಜರಿಕೆ ಕೋವಿಡ್ ಲಸಿಕೆಯ ಸುದ್ದಿಯಿಂದ ಹುಟ್ಟಿದ್ದು. ಈ ಲಸಿಕೆಗಳು ಬೇರೆ, ದಶಕಗಳಿಂದ ಇರುವ ದಡಾರದ ಲಸಿಕೆ ಅವರಿಗೇ ಚಿಕ್ಕಂದಿನಲ್ಲಿ ಹಾಕಿರುವ ಸಾಧ್ಯತೆ ಇದೆ ಎಂದು ವಿವರಿಸಲು ಹೇಳಿದೆವು. ಲಸಿಕೆಯಾದ ಮೇಲೆ ಅರ್ಧ ಗಂಟೆ ತಾಯಿ-ಮಗುವಿನ ಜೊತೆ ತಾನೂ ಕೂರಬೇಕು.

ರಾತ್ರಿಯ ನೋಟ್‌ಬುಕ್ ಮನೆಯಲ್ಲಿರಬಾರದು. ಅದನ್ನು ಆರೋಗ್ಯ ಕೇಂದ್ರದ ಬೀರುವಿನಲ್ಲಿಟ್ಟರು. ಚಿಂತೆಗೆ ಸಂಜೆ ಐದೂವರೆಯಿಂದ 15 ನಿಮಿಷ, ಬರೆದು ಮುಗಿಸುವುದು. ಮೂರಕ್ಕೆ ಎಚ್ಚರವಾದರೆ “ನಾಳೆ ಐದೂವರೆಗೆ” ಎಂದುಕೊಳ್ಳುವುದು. ಹೃದಯಾಘಾತದ ವಿಡಿಯೊಗಳು ಬರುವ ವಾಟ್ಸ್‌ಆ್ಯಪ್ ಗುಂಪುಗಳನ್ನು ಮ್ಯೂಟ್ ಮಾಡಿಸಿದೆವು.

ಲೈನ್‌ನಲ್ಲಿ ಹೇಳಲು ಆಕೆಗೆ ಕೊಟ್ಟ ಹೊಸ ಕೆಲಸವೂ ಇದೆ. ಎದೆಯ ನಡುವೆ ಒತ್ತಡ, ಎಡಗೈ ಅಥವಾ ದವಡೆಗೆ ಹರಿಯುವ ನೋವು, ತಣ್ಣನೆ ಬೆವರು ಕಂಡರೆ ಗ್ಯಾಸ್ಟ್ರಿಕ್ ಎಂದು ಕಾಯದೆ 108ಕ್ಕೆ ಕರೆ ಮಾಡುವುದು, ನೆಟ್‌ವರ್ಕ್ ಇಲ್ಲದ ಲೈನ್‌ನಲ್ಲಿ ಯಾರ ಜೀಪು, ಯಾರ ನಂಬರ್ ಎಂದು ಮೊದಲೇ ಗೋಡೆಯಲ್ಲಿ ಬರೆದಿಡುವುದು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲೂಕು ಆಸ್ಪತ್ರೆಗಳಲ್ಲಿ ಇಸಿಜಿಯನ್ನು ಹೃದ್ರೋಗ ತಜ್ಞರಿಗೆ ಕಳಿಸಿ, ಬೇಕಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಇದೆ.

ಆರು ವಾರಕ್ಕೆ ಪಿಎಚ್‌ಕ್ಯೂ-9 ಅಂಕ 6ಕ್ಕೆ ಇಳಿಯಿತು. ಶಿಶುಗಳಿಬ್ಬರಿಗೂ ಲಸಿಕೆ ಆಯಿತು. ಭಾಮೈದ ಇನ್ನೂ ಮಾತಾಡುವುದಿಲ್ಲ, ಮೃತನ ಹೆಂಡತಿ ಮಾತಾಡುತ್ತಾರೆ. ಅಂಕ 15 ದಾಟಿದರೆ, ಕೆಲಸಕ್ಕೆ ಹೋಗಲಾಗದಿದ್ದರೆ, ಸಾವಿನ ಯೋಚನೆ ಬಂದರೆ ಆಪ್ತಸಲಹೆಯೊಂದೇ ಸಾಲದು, ಮನೋವೈದ್ಯರಿಗೆ ಕಳಿಸಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಆರೋಗ್ಯ ಕೇಂದ್ರದವರಿಗೆ ಬರೆದುಕೊಟ್ಟದ್ದು ಇಷ್ಟು: ಲಸಿಕೆ ಕುರಿತ ಸಿಟ್ಟಿರುವ ಮನೆಗೆ ಆಶಾ ಒಬ್ಬರನ್ನೇ ಕಳಿಸಬೇಡಿ, ಇಂಥ ಸುದ್ದಿ ಬಂದ ವಾರವೇ ಎಲ್ಲ ಆಶಾಗಳನ್ನು ಕೂರಿಸಿ ಉತ್ತರ ಹೇಳಿಕೊಡಿ, ಮತ್ತು ಜನರ ಪ್ರಶ್ನೆಗೆ ವೈದ್ಯಾಧಿಕಾರಿಯೇ ಲೈನ್‌ಗೆ ಬಂದು ಎದುರಾಗಲಿ.