ಕಮೇಯ್ದೋ ಪ್ಲಮ್ ತೋಟದ ಚಿತ್ರ: ಅಸಲಿಯಾ, ನಕಲಿಯಾ?

ನಿಮ್ಮಲ್ಲಿರುವ ಫ್ರೇಮ್ ಹಾಕಿದ ಜಪಾನಿ ಚಿತ್ರ ಅಸಲಿಯೇ ಅಂತ ಕೇಳಿದ್ದೀರಿ. ಮುಂದೆ ದಪ್ಪ ಕೊಂಬೆ, ಹಿಂದೆ ಕೆಂಪು ಆಕಾಶ ಅಂದಿದ್ದೀರಿ. ಹಾಗಾದರೆ ಅದು ಜಪಾನಿನ ಕಲಾವಿದ ಹಿರೋಶಿಗೆ 1857ರಲ್ಲಿ ಮಾಡಿದ, ಮರದ ಹಲಗೆಯಲ್ಲಿ ಕೆತ್ತಿ ಕಾಗದಕ್ಕೆ ಅಚ್ಚೊತ್ತಿದ ‘ಕಮೇಯ್ದೋ ಪ್ಲಮ್ ತೋಟ’. ನಿಮ್ಮಲ್ಲಿರುವುದು ಮಾತ್ರ ಬಹುಶಃ ಆಮೇಲಿನ ಪ್ರತಿ. ಡಚ್ ಚಿತ್ರಕಾರ ವ್ಯಾನ್ ಗೋ ಕೂಡ 1887ರಲ್ಲಿ ಇದನ್ನೇ ನೋಡಿ ಚಿತ್ರ ಬರೆದಿದ್ದ. ಇಷ್ಟು ಹೆಸರಾದ ಚಿತ್ರಕ್ಕೆ ನಕಲು ಇಲ್ಲದೆ ಇರುತ್ತದೆಯೇ?

ಮೊದಲು ಫ್ರೇಮಿನಿಂದ ಹೊರಗೆ ತೆಗೆಯಿರಿ. ಗಾಜಿಗೆ ಅಂಟಿದ್ದರೆ ಎಳೆಯಬೇಡಿ, ಅಲ್ಲಿಗೇ ನಿಲ್ಲಿಸಿ. ಅಳತೆ ನೋಡಿ: ಮೂಲದ ಹಾಳೆ ಸುಮಾರು 36 ಸೆಂ.ಮೀ. ಎತ್ತರ, 24 ಸೆಂ.ಮೀ. ಅಗಲ. ಅಂಚು ಕತ್ತರಿಸಿದ್ದರೆ ಸ್ವಲ್ಪ ಕಡಿಮೆ.

ಆಮೇಲೆ ಕೆಂಪು ಆಕಾಶ ತೆಳುವಾಗುತ್ತಾ ಬಿಳಿಗೆ ತಿರುಗುವ ಜಾಗವನ್ನು ಭೂತಗನ್ನಡಿಯಲ್ಲಿ ನೋಡಿ. ಸಣ್ಣ ಚುಕ್ಕಿಗಳ ಸಾಲು ಕಂಡರೆ ಆಫ್‌ಸೆಟ್ ಮುದ್ರಣ, ಅಂದರೆ ಯಂತ್ರದಲ್ಲಿ ಅಚ್ಚಾದದ್ದು, ಕಥೆ ಮುಗಿಯಿತು. ಬಣ್ಣ ಕಾಗದದ ನಾರಿನೊಳಗೇ ಇಳಿದಿದ್ದರೆ ಹಾಳೆ ತಿರುಗಿಸಿ. ಹಿಂಬದಿಗೂ ಬಣ್ಣ ಮೂಡಿ, ಅಚ್ಚೊತ್ತುವಾಗ ಕೈಯಿಂದ ಉಜ್ಜಿದ ಗುರುತು ಕಂಡರೆ ಮರದ ಅಚ್ಚಿನದೇ.

ಆದರೂ 1857ರದ್ದು ಅಂತ ಖುಷಿಪಡಬೇಡಿ. 20ನೇ ಶತಮಾನದಲ್ಲಿ ಹೊಸ ಹಲಗೆ ಕೆತ್ತಿ ಮಾಡಿದ ಒಳ್ಳೊಳ್ಳೆ ಪ್ರತಿಗಳೂ ಇವೆ, ಫೋಟೋ ನೋಡಿ ಯಾರೂ ಖಚಿತವಾಗಿ ಹೇಳಲಾರರು. ನ್ಯೂಯಾರ್ಕಿನ ಬ್ರೂಕ್ಲಿನ್ ಮ್ಯೂಸಿಯಂ ತನ್ನ ಪ್ರತಿಯ ಚಿತ್ರವನ್ನು ಜಾಲತಾಣದಲ್ಲಿ ಹಾಕಿದೆ. ಅದನ್ನು ದೊಡ್ಡದು ಮಾಡಿ ಹೂವಿನ ಗೆರೆ, ಬಲ ಮೇಲ್ಮೂಲೆಯ ಅಕ್ಷರ ಹೋಲಿಸಿ. ಸವೆದು ತುಂಡಾದ ಗೆರೆ ಪರವಾಗಿಲ್ಲ. ಗೆರೆಯ ತಿರುವೇ ಬೇರೆಯಿದ್ದರೆ ಹಲಗೆಯೂ ಬೇರೆಯೇ ಇರಬೇಕು.

ಹೊಂದಿದರೆ ಮಾತ್ರ ಜಪಾನಿ ಮುದ್ರಣ ಬಲ್ಲವರಿಗೆ ತೋರಿಸಿ, ಸುಮ್ನೆ ದುಡ್ಡು ಕಳೆಯಬೇಡಿ. ಅಲ್ಲಿಯವರೆಗೆ ಒದ್ದೆ ಬಟ್ಟೆ ಬೇಡ, ಲ್ಯಾಮಿನೇಶನ್ ಅಂತೂ ಬೇಡವೇ ಬೇಡ. ಬಿಸಿಲು ಬೀಳದ ಕಡೆ ಇಡಿ.