ಸೋತ ಉದ್ಯಮದ ಫಲ ಯಾರ ಪಾಲಿಗೆ?

ಮುಳುಗಿದ ಉದ್ಯಮಗಳೂ ಮುಂದಿನವರಿಗೆ ಏನನ್ನಾದರೂ ಬಿಟ್ಟುಹೋಗುತ್ತವೆ ಎಂದು ಕಳೆದ ಸಂಚಿಕೆಯಲ್ಲಿ ಬರೆದದ್ದಕ್ಕೆ ಓದುಗರೊಬ್ಬರು ಆಕ್ಷೇಪ ಎತ್ತಿದ್ದಾರೆ. ‘ಹಣ ಹಾಕಿ ಕೈಸುಟ್ಟುಕೊಂಡವರಿಗೆ ಇದರಿಂದ ಬಂದ ಸುಖವೇನು? ಕೊನೆಗೆ ಫಲ ಕೊಟ್ಟ ಸೋಲುಗಳನ್ನಷ್ಟೇ ಆರಿಸಿ ಹೇಳುತ್ತಿದ್ದೀರಿ’ ಎಂಬುದು ಅವರ ದೂರು.

ಎರಡನೆಯ ಮಾತನ್ನು ಮೊದಲೇ ಒಪ್ಪಿಬಿಡುತ್ತೇವೆ: ಹೆಚ್ಚಿನ ಸೋಲುಗಳು ಸಾಲವನ್ನಲ್ಲದೆ ಬೇರೇನನ್ನೂ ಉಳಿಸುವುದಿಲ್ಲ. ಆದರೆ ಕೆಲವು ಏಕೆ ಉಳಿಸುತ್ತವೆ ಎಂಬುದು ವಿಚಾರಿಸಬೇಕಾದ ಸಂಗತಿ. 1858ರ ಆಗಸ್ಟ್‌ನಲ್ಲಿ ಐರ್ಲೆಂಡಿಗೂ ನ್ಯೂಫೌಂಡ್‌ಲ್ಯಾಂಡಿಗೂ ನಡುವೆ ಅಟ್ಲಾಂಟಿಕ್ ಸಾಗರದ ತಳದಲ್ಲಿ ಹಾಸಿದ ಟೆಲಿಗ್ರಾಫ್ ಕೇಬಲ್ ಕೆಲವೇ ವಾರಗಳಲ್ಲಿ ಮೂಕವಾಯಿತು. ಕ್ಷೀಣಿಸುತ್ತಿದ್ದ ಸಂಕೇತಗಳನ್ನು ಬಲಪಡಿಸಲೆಂದು ಕೇಬಲ್ ಹಾಸಿದ ಕಂಪನಿಯ ವಿದ್ಯುತ್ ತಜ್ಞ ವೈಲ್ಡ್‌ಮನ್ ವೈಟ್‌ಹೌಸ್ ಸುಮಾರು 2,000 ವೋಲ್ಟ್ ಹಾಯಿಸಿದ್ದು, ಮೊದಲೇ ದೋಷವಿದ್ದ ಕೇಬಲಿನ ಹೊದಿಕೆಯನ್ನು ಇನ್ನಷ್ಟು ಕೆಡಿಸಿತ್ತು. ವಿಷಯ ಅಲ್ಲಿಗೇ ಮುಚ್ಚಿಹೋಗದೆ, ಬ್ರಿಟನ್ ಸರ್ಕಾರವೂ ಕಂಪನಿಯೂ ಸೇರಿ ನೇಮಿಸಿದ ಸಮಿತಿಯು ತಜ್ಞರ ಸಾಕ್ಷ್ಯಗಳನ್ನು ಕಲೆಹಾಕಿ 1861ರಲ್ಲಿ ವರದಿಯನ್ನು ಪ್ರಕಟಿಸಿತು. ತಾಮ್ರದ ತಂತಿ ದಪ್ಪವಾಗಿರಬೇಕು, ಹೊದಿಕೆ ಗಟ್ಟಿಯಾಗಿರಬೇಕು, ಹಾಯಿಸುವ ವಿದ್ಯುತ್ತು ಸೌಮ್ಯವಾಗಿದ್ದು ಅದನ್ನು ಗ್ರಹಿಸುವ ಉಪಕರಣ ಸೂಕ್ಷ್ಮವಾಗಿರಬೇಕು ಎಂಬ ಭೌತವಿಜ್ಞಾನಿ ವಿಲಿಯಂ ಥಾಮ್ಸನ್ನರ ನಿಲುವಿಗೆ ಮನ್ನಣೆ ದೊರೆತದ್ದು ಈ ಪೆಟ್ಟು ತಿಂದ ಮೇಲೆಯೇ. 1866ರ ಕೇಬಲ್ ಬಾಳಿತು.

ಅದನ್ನು ಹಾಸಿದ ‘ಗ್ರೇಟ್ ಈಸ್ಟರ್ನ್’ ಹಡಗಿನದೂ ಸೋತ ಕತೆಯೇ. ನಾಲ್ಕು ಸಾವಿರ ಪ್ರಯಾಣಿಕರನ್ನು ಒಯ್ಯಲೆಂದು ಕಟ್ಟಿದ ಅದು ಸಾಕಷ್ಟು ಪ್ರಯಾಣಿಕರು ಸಿಗದೆ ಮಾಲೀಕರನ್ನು ಮುಳುಗಿಸಿತ್ತು. ಆದರೆ ಸಾಗರದಗಲದ ಕೇಬಲನ್ನು ಇಡಿಯಾಗಿ ಹೊರಬಲ್ಲ ಹಡಗು ಅಂದು ಅದೊಂದೇ ಇತ್ತು.

ಹಾಗಾಗಿ ನಮ್ಮ ಹಿಂದಿನ ಮಾತನ್ನು ತಿದ್ದಿಕೊಳ್ಳುತ್ತೇವೆ. ಫಲ ಕೊಟ್ಟದ್ದು ಸೋಲಲ್ಲ. ಮರೆಮಾಚದೆ ಬರೆದಿಟ್ಟ ಕಾರಣಗಳು ಮತ್ತು ಗುಜರಿಗೆ ಹೋಗದೆ ಉಳಿದ ಸಲಕರಣೆ.

ಇನ್ನು ಹಣ ಕಳೆದುಕೊಂಡವರ ಪ್ರಶ್ನೆ. ಸುಮಾರು 500 ಕೋಟಿ ಡಾಲರ್ ನುಂಗಿದ ಇರಿಡಿಯಂ ಉಪಗ್ರಹ ದೂರವಾಣಿ ಕಂಪನಿ, ಸೇವೆ ಆರಂಭಿಸಿದ ವರ್ಷದೊಳಗೇ, 1999ರ ಆಗಸ್ಟ್‌ನಲ್ಲಿ ದಿವಾಳಿಯೆದ್ದಿತು. ಕಕ್ಷೆಯಿಂದ ಕೆಳಗಿಳಿಸಿ ಸುಟ್ಟುಹಾಕಬೇಕೆಂದಿದ್ದ ಅದರ ಉಪಗ್ರಹಗಳ ಸಹಿತ ಇಡೀ ವ್ಯವಸ್ಥೆಯನ್ನು ಹೊಸಬರು ಸುಮಾರು 2.5 ಕೋಟಿ ಡಾಲರಿಗೆ ಕೊಂಡರು. ನಡುಗಡಲಿನ ಹಡಗುಗಳಿಗೂ ಧ್ರುವಪ್ರದೇಶದ ಶಿಬಿರಗಳಿಗೂ ಆ ಸೇವೆ ಇಂದಿಗೂ ಆಸರೆಯಾಗಿದೆ. ಅದು ಅಷ್ಟು ಅಗ್ಗವಾಗಿ ಕೈಗೆ ಬಂದದ್ದು ಮೊದಲು ಹಣ ಹಾಕಿದವರ ನಷ್ಟದಿಂದಲೇ. ಆ ನಷ್ಟವನ್ನು ಯಾರೂ ತುಂಬಿಕೊಡಲಿಲ್ಲ ಎಂಬಲ್ಲಿ ಓದುಗರ ಆಕ್ಷೇಪಕ್ಕೆ ನಮ್ಮಲ್ಲಿ ಉತ್ತರವಿಲ್ಲ.