ಮೂರು ಬೆಟ್ಟ ಒಂದೇ ದಿನಕ್ಕೆ ಬೇಡ

ತಿಪಟೂರಿನ ಓದುಗರೊಬ್ಬರು ಬರೆದಿದ್ದಾರೆ: "ಡಿಸೆಂಬರ್ ಕೊನೆಯ ವಾರ ನಂದಿ ಗ್ರಾಮದ ಹತ್ತಿರ ಒಂದು ತೋಟದ ಮನೆಯನ್ನು ನಾಲ್ಕು ದಿನಕ್ಕೆ ಹಿಡಿದಿದ್ದೇವೆ. ಜೊತೆಯಲ್ಲಿ ಮಂಡಿನೋವಿರುವ ಎಪ್ಪತ್ತರ ಅಮ್ಮ, ಹನ್ನೆರಡು ವರ್ಷದ ಮಗ ಇರುತ್ತಾರೆ. ನಂದಿಬೆಟ್ಟ, ಸ್ಕಂದಗಿರಿ, ಆವಲಬೆಟ್ಟ ಮೂರನ್ನೂ ಒಂದೇ ದಿನದಲ್ಲಿ ನೋಡಿ ಬರಬಹುದು ಅನ್ನುತ್ತಾರೆ. ಹೌದೇ? ಅಮ್ಮನಿಗೆ ಏನು ತೋರಿಸಬಹುದು?"

ಕಾರಿನ ಲೆಕ್ಕ ಹಿಡಿದರೆ ಆಗುತ್ತದೆ, ಕಾಲಿನ ಲೆಕ್ಕ ಹಿಡಿದರೆ ಬೇಡ. ನಂದಿಯ ನೆತ್ತಿಯೊಂದನ್ನು ಬಿಟ್ಟರೆ ಇಲ್ಲಿನ ಬೆಟ್ಟಗಳು ಬಹುಪಾಲು ಬರಿಬಂಡೆ. ಚಳಿಗಾಲದಲ್ಲೂ ಹತ್ತೂವರೆ ದಾಟಿತೆಂದರೆ ಬಂಡೆ ಕಾಯುತ್ತದೆ, ನಿಲ್ಲಲು ನೆರಳಿರುವುದಿಲ್ಲ. ದಿನಕ್ಕೆ ಒಂದೇ ಬೆಟ್ಟ ಇಟ್ಟುಕೊಳ್ಳಿ, ಅದೂ ಬೆಳಗ್ಗೆ. ದೇವಸ್ಥಾನ, ಕೆರೆ ಸಂಜೆಗಿರಲಿ.

ಮೊದಲ ದಿನ ನಂದಿ. 1478 ಮೀಟರ್ ಎತ್ತರದ ಈ ಬೆಟ್ಟಕ್ಕೆ ಎಲ್ಲರೂ ಕಾರಿನಲ್ಲೇ ಹೋಗುತ್ತಾರೆ. ನೀವೂ ಮಗನೂ ಸುಲ್ತಾನ್‌ಪೇಟೆ ಕಡೆಯ ಕಲ್ಲು ಮೆಟ್ಟಿಲು ಹತ್ತಿ. ಸಾವಿರಕ್ಕೂ ಮೀರಿದ ಮೆಟ್ಟಿಲು, ಒಂದೇ ಅಳತೆಯವಲ್ಲ, ಸವೆದವೂ ಇವೆ. ನಿಂತು ನಿಂತು ಹತ್ತಿದರೆ ಒಂದೂವರೆ ಗಂಟೆ ಬೇಕು. ಅಮ್ಮನವರನ್ನು ಮನೆಯವರು ಯಾರಾದರೂ ಕಾರಿನಲ್ಲಿ ಮೇಲೆ ಕರೆತರಲಿ, ಅಮೃತ ಸರೋವರದ ಬಳಿ ಸೇರಿಕೊಳ್ಳಿ. ಇಳಿಯುವಾಗ ಎಲ್ಲರೂ ಕಾರಿನಲ್ಲೇ ಬನ್ನಿ. ಮಂಡಿಗೆ ಪೆಟ್ಟು ಬೀಳುವುದು ಹತ್ತುವಾಗಲ್ಲ, ಇಳಿಯುವಾಗ. ಇಬ್ಬನಿಗೆ ನೆನೆದ ಮೆಟ್ಟಿಲಲ್ಲಿ ಜಾರಿ ಬೀಳುವುದೂ ಆಗಲೇ.

ಸೂರ್ಯೋದಯಕ್ಕೆಂದು ಕತ್ತಲಲ್ಲಿ ಓಡಬೇಡಿ. ಡಿಸೆಂಬರ್ ಕೊನೆಗೆ ಸೂರ್ಯ ಹುಟ್ಟುವುದು ಆರೂ ಮುಕ್ಕಾಲರ ಸುಮಾರಿಗೆ, ಎಷ್ಟೋ ದಿನ ಆ ಹೊತ್ತಿಗೆ ಮಂಜು ಕವಿದು ಎದುರಿನವರ ಮುಖವೂ ಕಾಣುವುದಿಲ್ಲ. ಎಂಟರ ಹೊತ್ತಿಗೆ ಮಂಜು ಕೆಳಗಿಳಿದು ಕಣಿವೆ ತುಂಬಿ ನಿಂತಾಗ ನೋಡಬೇಕು, ಅದು ನಿಜವಾದ ನಂದಿ. ಮಂಜಿನಲ್ಲಿ ಹೈಬೀಮ್ ಹಾಕಿದರೆ ಬೆಳಕು ವಾಪಸ್ಸು ನಿಮ್ಮ ಕಣ್ಣಿಗೇ ಹೊಡೆಯುತ್ತದೆ, ಲೋ ಬೀಮ್ ಇರಲಿ. ಇಳಿಜಾರಿನ ತಿರುವುಗಳಲ್ಲಿ ಬ್ರೇಕ್ ಒತ್ತಿಕೊಂಡೇ ಬಂದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಎರಡನೇ ಗೇರಿನಲ್ಲಿ ಇಳಿಯಿರಿ. ಶನಿವಾರ, ಭಾನುವಾರ ಬೇಡವೇ ಬೇಡ. ಹೊಸ ವರ್ಷದ ಹಿಂದಿನ ಸಂಜೆಯಿಂದ ಬೆಟ್ಟಕ್ಕೆ ಬಿಡದಿರುವುದು ಹಲವು ವರ್ಷ ನಡೆದಿದೆ, ನಿಮ್ಮ ವಾರ ಅದೇ ಆಗಿರುವುದರಿಂದ ಹೊರಡುವ ಮುನ್ನ ವಿಚಾರಿಸಿ. ತಿಂಡಿಯ ಪ್ಲಾಸ್ಟಿಕ್ ಕವರ್ ಕೈಯಲ್ಲಿ ಹಿಡಿಯಬೇಡಿ. ಅದರ ಸದ್ದಿಗೇ ಕೋತಿಗಳು ಬಂದುಬಿಡುತ್ತವೆ.

ಅಮ್ಮನವರಿಗೆ ಈ ನಾಲ್ಕು ದಿನದಲ್ಲಿ ಅತ್ಯುತ್ತಮ ಜಾಗ ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನ. ಮೂಲ 9ನೇ ಶತಮಾನದ್ದು. ಬೆಟ್ಟದ ಮೇಲಿನ ಯೋಗನಂದೀಶ್ವರನ ಜೋಡಿ. ಅರುಣಾಚಲೇಶ್ವರ, ಉಮಾಮಹೇಶ್ವರ, ಭೋಗನಂದೀಶ್ವರ ಮೂರು ಗುಡಿಗಳೂ ಒಂದೇ ಸಾಲಿನಲ್ಲಿವೆ. ಉಮಾಮಹೇಶ್ವರನ ಮುಂದಿನ ಕಲ್ಯಾಣ ಮಂಟಪದ ಕಂಬಗಳ ಕೆತ್ತನೆಗೇ ಅರ್ಧ ಗಂಟೆ ಕೊಡಿ. ನಡಿಗೆ ಸಮತಟ್ಟು, ಹೊಸ್ತಿಲು ಮಾತ್ರ ಎತ್ತರ, ಕೈ ಹಿಡಿದು ದಾಟಿಸಿ. ಮಧ್ಯಾಹ್ನ ಬರಿಗಾಲಿಗೆ ಅಂಗಳದ ಚಪ್ಪಡಿ ಸುಡುತ್ತದೆ. ನಾಲ್ಕರ ಮೇಲೆ ಹೋಗಿ, ಸಾಧ್ಯವಾದರೆ ದಪ್ಪ ಕಾಲುಚೀಲ ಹಾಕಿಸಿ. ಶೃಂಗಿ ತೀರ್ಥವೆಂಬ ಕಲ್ಯಾಣಿಯನ್ನು ಮೇಲಿನ ಜಗಲಿಯಲ್ಲಿ ಕೂತು ನೋಡಿದರೇ ಚೆಂದ. ಪಕ್ಕದ ಮುದ್ದೇನಹಳ್ಳಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಮನೆ, ಸಮಾಧಿ ಇವೆ. ಹುಡುಗನಿಗೆ ಖಂಡಿತ ತೋರಿಸಿ.

ತೋಟದ ಮನೆಯ ಸುತ್ತ ಸಂಜೆ ನಡೆಯುವಾಗ ದ್ರಾಕ್ಷಿ ಚಪ್ಪರ ಕಂಡಲ್ಲೆಲ್ಲ ಒಳಗೆ ನುಗ್ಗಬೇಡಿ. ಔಷಧಿ ಹೊಡೆದಿರುತ್ತಾರೆ. ತೋಟದವರನ್ನು ಕೇಳಿ, ಅವರು ಕೊಟ್ಟರೆ ತೊಳೆದು ತಿನ್ನಿ.

ಸ್ಕಂದಗಿರಿಗೆ ನೀವು ಮತ್ತು ಮಗ ಮಾತ್ರ. ಕಳವಾರದ ಪಾಪಾಗ್ನಿ ಮಠದ ಬಳಿಯಿಂದ ದಾರಿ. ಆನ್‌ಲೈನಿನಲ್ಲಿ ಮುಂಗಡ ಟಿಕೆಟ್ ಮಾಡಿಸದೆ ಹೋದರೆ ಬುಡದಿಂದಲೇ ವಾಪಸ್ಸು. ಗುರುತಿನ ಚೀಟಿ ಜೊತೆಯಲ್ಲಿರಲಿ. ಮೇಲೆ ನೀರಿಲ್ಲ, ಒಬ್ಬೊಬ್ಬರಿಗೆ ಎರಡು ಲೀಟರ್ ಹೊತ್ತೊಯ್ಯಿರಿ. ಅಡಿ ಸವೆದ ಬೂಟು ಆ ಬಂಡೆಯ ಮೇಲೆ ನಿಲ್ಲುವುದಿಲ್ಲ.

ಆವಲಬೆಟ್ಟ ಬೇರೆಯೇ ದಿಕ್ಕು. ಚಿಕ್ಕಬಳ್ಳಾಪುರ ದಾಟಿ ಹೈದರಾಬಾದ್ ಹೆದ್ದಾರಿಯಲ್ಲಿ ಪೇರೇಸಂದ್ರದವರೆಗೆ ಹೋಗಿ ಎಡಕ್ಕೆ ತಿರುಗಿ, ಮಂಡಿಕಲ್ಲು ದಾರಿ ಹಿಡಿಯಬೇಕು. ನರಸಿಂಹಸ್ವಾಮಿ ಗುಡಿಯ ಹತ್ತಿರದವರೆಗೂ ವಾಹನ ಹೋಗುವುದರಿಂದ ಅಮ್ಮನವರೂ ಬರಬಹುದು. ಅಲ್ಲಿ ಹೊರಚಾಚಿದ ಬಂಡೆಯ ತುದಿಗೆ ಫೋಟೋಕ್ಕೆಂದು ಮಗನನ್ನು ಹತ್ತಿಸಬೇಡಿ. ಹಿಡಿದುಕೊಳ್ಳಲು ಏನೂ ಇಲ್ಲ, ಕೆಳಗೆ ಪ್ರಪಾತ. ಪೇರೇಸಂದ್ರದಿಂದಲೇ ಗುಡಿಬಂಡೆಗೂ ದಾರಿಯಿದೆ. ಅಲ್ಲಿನ ಪಾಳೆಯಗಾರ ಭೈರೇಗೌಡನ ಕೋಟೆಯಲ್ಲಿ ಬಂಡೆಯ ಮೇಲೆ ಬಿದ್ದ ಮಳೆ ಒಂದು ಕೊಳದಿಂದ ಇನ್ನೊಂದಕ್ಕೆ ತುಂಬಿಕೊಳ್ಳುವಂತೆ 19 ಕೊಳಗಳನ್ನು ಜೋಡಿಸಿದ್ದಾರೆ. ತುದಿಯಿಂದ ಭೈರಸಾಗರ ಕೆರೆ ಪೂರ್ತಿ ಕಾಣುತ್ತದೆ. ಸ್ಕಂದಗಿರಿಯ ಟಿಕೆಟ್ ಸಿಗದಿದ್ದರೆ ಆ ಬೆಳಗ್ಗೆಯನ್ನು ಗುಡಿಬಂಡೆಗೆ ಕೊಡಿ. ಹತ್ತಲು ಮುಕ್ಕಾಲು ಗಂಟೆ ಸಾಕು, ಅಷ್ಟು ಹೊತ್ತು ಅಮ್ಮನವರು ಕೆರೆ ಏರಿಯ ಮೇಲೆ ಕೂತಿರಬಹುದು.

— ಸಂಪಾದಕರು